ಚರ್ಚ್‌ಗೆ ಬಂದ ಹೊಸಬರನ್ನು ದಯವಿಟ್ಟು ಎದ್ದು ನಿಲ್ಲಿಸಬೇಡಿ

ಮಾನ್ಯರೇ,

ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಚರ್ಚ್‌ಗಳಲ್ಲಿ ಗುರುತಿಲ್ಲದ ಮುಖಗಳು ಹೆಚ್ಚುತ್ತವೆ. ಗೋದಲಿ (ಯೇಸು ಹುಟ್ಟಿದ ದೃಶ್ಯದ ಗೊಂಬೆಗಳ ಅಲಂಕಾರ) ನೋಡಲು ಬರುವ ಅಕ್ಕಪಕ್ಕದ ಮನೆಯವರು, ಮದುವೆಯಾಗಿ ಊರು ಬದಲಿಸಿದ ಹೆಣ್ಣುಮಕ್ಕಳು, ಬೀದರ್, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು, ಆಸ್ಪತ್ರೆಗಳಲ್ಲಿ ನರ್ಸ್ ಆಗಿರುವ ಕೇರಳದವರು, ಓದಲು ಬಂದ ಮಿಜೋರಾಂ, ನಾಗಾಲ್ಯಾಂಡ್, ಮಣಿಪುರದ ಹುಡುಗ ಹುಡುಗಿಯರು. ಇವರಲ್ಲಿ ಅನೇಕರು ಒಂದು ಭಾನುವಾರ ಬಂದು ಮತ್ತೆ ಕಾಣಿಸುವುದೇ ಇಲ್ಲ. ‘ಈಗಿನವರಿಗೆ ಭಕ್ತಿ ಕಡಿಮೆ’ ಎಂದು ಕಮಿಟಿಗಳಲ್ಲಿ ಮಾತಾಗುತ್ತದೆ. ಭಕ್ತಿ ಕಡಿಮೆಯಾದವರು ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಬರುವುದಿಲ್ಲ. ಬಂದವರು ಮತ್ತೆ ಬರದಿರಲು ಕಾರಣ ಬಹುಮಟ್ಟಿಗೆ ಗೇಟಿನಿಂದ ಬೆಂಚಿನವರೆಗಿನ ದಾರಿಯಲ್ಲಿ, ಇಲ್ಲವೇ ಆರಾಧನೆ ಮುಗಿದ ಮೇಲಿನ ಐದು ನಿಮಿಷದಲ್ಲಿ ಸಿಗುತ್ತದೆ.

ಮೊದಲು ನಿಲ್ಲಬೇಕಾದದ್ದು, ಪ್ರಕಟಣೆ ಓದುವಾಗ ‘ಇವತ್ತು ಮೊದಲ ಸಲ ಬಂದವರು ದಯಮಾಡಿ ಎದ್ದು ನಿಂತು ಪರಿಚಯ ಮಾಡಿಕೊಳ್ಳಿ’ ಎಂದು ಮೈಕ್ ಕಳಿಸುವ ಪದ್ಧತಿ. ಕೆಲವೆಡೆ ಮುಂದಕ್ಕೆ ಕರೆದು ಶಾಲು ಹೊದಿಸುವುದೂ ಉಂಟು. ಸಭೆಯವರಿಗೆ, ಅಂದರೆ ಚರ್ಚ್‌ನ ಸದಸ್ಯರಿಗೆ, ಇದು ಆದರ. ನಿಂತವರಿಗೆ ಹಾಗಿರಬೇಕೆಂದಿಲ್ಲ. ಗಂಡನ ಮನೆ ಬಿಟ್ಟು ಬಂದಿರುವ ಹೆಂಗಸು, ಮನೆಯವರಿಗೆ ಹೇಳದೆ ಬಂದ ಯುವಕ, ಬೇರೆ ಧರ್ಮದವರನ್ನು ಮದುವೆಯಾದವರು, ಕೆಲಸ ಕಳೆದುಕೊಂಡು ಒಂದು ಗಂಟೆ ಸುಮ್ಮನೆ ಕೂತು ಹೋಗೋಣ ಎಂದು ಬಂದವರು, ಇವರಿಗೆಲ್ಲ ‘ಹೆಸರು, ಊರು, ಕೆಲಸ ಹೇಳಿ’ ಎನ್ನುವ ಮೈಕ್ ವಿಚಾರಣೆಯಂತೆಯೇ ಇರುತ್ತದೆ. ಕನ್ನಡ ಮಾತಾಡಲು ಹಿಂಜರಿಯುವವರ ಪಾಡಂತೂ ಹೇಳುವುದೇ ಬೇಡ. ಕೋವಿಡ್ ಬಳಿಕ ಅನೇಕ ಸಭೆಗಳು ಆರಾಧನೆಯನ್ನು ಯೂಟ್ಯೂಬ್, ಫೇಸ್‌ಬುಕ್‌ಗಳಲ್ಲಿ ನೇರ ಪ್ರಸಾರ ಮಾಡುತ್ತಿವೆ. ಎದ್ದು ನಿಂತವರ ಮುಖ, ಹೆಸರು, ಊರು ಎಲ್ಲವೂ ಲೋಕಕ್ಕೆ ಹೋಗುತ್ತವೆ, ಅಲ್ಲೇ ಉಳಿಯುತ್ತವೆ. ಇದರ ಬದಲು ಸಭಾಪಾಲಕರು (ಪಾಸ್ಟರ್) ಪೀಠದಿಂದ ಒಂದೇ ವಾಕ್ಯ ಹೇಳಿದರೆ ಸಾಕು: ‘ಇವತ್ತು ನಮ್ಮ ಜೊತೆ ಹೊಸದಾಗಿ ಕೂಡಿದವರಿಗೆ ವಂದನೆ, ಆರಾಧನೆಯ ನಂತರ ಚಹಾದ ಹತ್ತಿರ ಸಿಗೋಣ.’ ಯಾರೂ ಏಳಬೇಕಾಗಿಲ್ಲ. ಚಪ್ಪಾಳೆಯೂ ಬೇಡ. ಶಾಲು ಹೊದಿಸಲೇಬೇಕೆಂದಿದ್ದರೆ ಕರೆಸಿದ ಅತಿಥಿ ಬೋಧಕರಿಗೆ ಹೊದಿಸಿ.

ಹೊಸಬರ ಭೇಟಿ ಶುರುವಾಗುವುದು ಗೂಗಲ್ ಮ್ಯಾಪ್‌ನಲ್ಲಿ. ಅಲ್ಲಿರುವ ಸಮಯವೇ ಎಷ್ಟೋ ಕಡೆ ತಪ್ಪು. ಹಿಂದಿನ ಸಭಾಪಾಲಕರ ಕಾಲದ ಫೋನ್ ನಂಬರು, 9 ಗಂಟೆಯ ಆರಾಧನೆ 8.30ಕ್ಕೆ ಬದಲಾದದ್ದು ತಿದ್ದಿಲ್ಲ, ಕನ್ನಡ ಆರಾಧನೆ ಯಾವುದು, ಇಂಗ್ಲಿಷ್ ಯಾವುದು ಎಂಬುದೇ ಇಲ್ಲ. ಕಮಿಟಿಯಲ್ಲಿ ಒಬ್ಬರಿಗೆ ಈ ಕೆಲಸವನ್ನು ಹೆಸರು ಹಿಡಿದು ಒಪ್ಪಿಸಿ, ಅವರ ಅವಧಿ ಮುಗಿದಾಗ ಪಾಸ್‌ವರ್ಡ್ ಮುಂದಿನವರ ಕೈಗೆ ಬರುವಂತೆ ನೋಡಿಕೊಳ್ಳಿ. ಪಾಸ್‌ವರ್ಡ್ ಗೊತ್ತಿದ್ದ ಹುಡುಗ ವಿದೇಶಕ್ಕೆ ಹೋದ ಎಂಬ ಕಾರಣಕ್ಕೆ ವರ್ಷಗಟ್ಟಲೆ ತಪ್ಪು ಸಮಯ ತೋರಿಸುವ ಪುಟಗಳು ಬೇಕಾದಷ್ಟಿವೆ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್ ಮುಂಜಾವಿನ ಆರಾಧನೆಗಳ ಸಮಯವನ್ನು ಎರಡು ವಾರ ಮೊದಲೇ ಹಾಕಬೇಕು. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ನಡೆಯುವ ಧ್ಯಾನಕ್ಕೆ ಮೊದಲ ಸಲ ಬಂದವರು ಒಂದು ಗಂಟೆಯಾದ ಮೇಲೆ ಗಡಿಯಾರ ನೋಡಿ ನೋಡಿ ಒದ್ದಾಡುತ್ತಾರೆ. ‘ಗೀತೆ ಹಾಡುವಾಗ ಹೊರಗೆ ಹೋಗಬಹುದು, ಒಳಗೆ ಬರಬಹುದು’ ಎಂದು ಆರಂಭದಲ್ಲೇ ಹೇಳಿಬಿಟ್ಟರೆ ಅವರೂ ನಿರಾಳ, ಉಳಿದವರೂ ನಿರಾಳ.

ಬೆಂಗಳೂರಿನಲ್ಲಿ ಒಂದೇ ಆವರಣದಲ್ಲಿ ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಆರಾಧನೆಗಳು ಒಂದರ ಹಿಂದೊಂದು ನಡೆಯುತ್ತವೆ. ಕಥೋಲಿಕ ಚರ್ಚ್‌ಗಳಲ್ಲಿ ಕೊಂಕಣಿ, ಮಲಯಾಳಂ ಪೂಜೆಗಳೂ ಸೇರುತ್ತವೆ. ಗೇಟಿನಲ್ಲಿ ಭಾಷೆ ಮತ್ತು ಸಮಯ ಮಾತ್ರ ಬರೆದ ಫಲಕ ಬೇಕು, ರಸ್ತೆಯಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ. ಶಂಕುಸ್ಥಾಪನೆ ಮಾಡಿದವರ, ಬಣ್ಣ ಹೊಡೆಸಿಕೊಟ್ಟವರ ಹೆಸರಿನ ಕಲ್ಲುಗಳಿಗೆ ಇರುವ ಜಾಗ ಇದಕ್ಕೂ ಇರಲಿ.

ಬಾಗಿಲಲ್ಲಿ ನಿಲ್ಲುವವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಡವಟ್ಟುಗಳು ಹೆಚ್ಚಾಗುವುದು ಅಲ್ಲೇ. 200 ಜನ ಸೇರುವ ಸಭೆಗೆ ನಾಲ್ವರು ಸಾಕು: ಗೇಟಿನಲ್ಲಿ ಒಬ್ಬರು, ಬಾಗಿಲಲ್ಲಿ ಒಬ್ಬರು, ಒಳಗೆ ಕೊನೆಯ ಬೆಂಚಿನ ಹತ್ತಿರ ಒಬ್ಬರು, ಪಕ್ಕದ ಬಾಗಿಲಲ್ಲಿ ಒಬ್ಬರು. ಇವರಲ್ಲಿ ಇಬ್ಬರಾದರೂ ಹೆಂಗಸರಿರಬೇಕು. ಒಂಟಿಯಾಗಿ ಬಂದ ಹೆಣ್ಣುಮಗಳನ್ನು ಹೆಂಗಸರೇ ಮಾತಾಡಿಸಲಿ. ಆರಾಧನೆಗೆ 30 ನಿಮಿಷ ಮೊದಲು ಬಂದು, ಮುಗಿದ ಮೇಲೆ 20 ನಿಮಿಷ ಇರಬೇಕು. ಆರಂಭದ ಗೀತೆಗೆ ಎಲ್ಲರೂ ಒಳಗೆ ಹೋಗಿ ಕುಳಿತುಬಿಡುವುದು ದೊಡ್ಡ ತಪ್ಪು. ವಿಳಾಸ ಹುಡುಕುತ್ತಾ ಬರುವ ಹೊಸಬರು ತಲುಪುವುದೇ ಆರಂಭವಾಗಿ ಹತ್ತು ನಿಮಿಷದ ಮೇಲೆ. ಒಬ್ಬರು ಸತ್ಯವೇದ (ಬೈಬಲ್) ಪಾಠ ಮುಗಿಯುವವರೆಗೂ ಹೊರಗಿರಬೇಕು.

ಪಾಳಿಯನ್ನು ವಾರಕ್ಕೊಮ್ಮೆ ಬದಲಿಸುವ ಸಭೆಗಳೇ ಹೆಚ್ಚು. ಅದರಿಂದ ಆಗುವ ತೊಂದರೆ ಯಾರ ಗಮನಕ್ಕೂ ಬಂದಿಲ್ಲ. ಮೊದಲ ಭಾನುವಾರ ಮಾತಾಡಿಸಿದವರು ಎರಡನೇ ಭಾನುವಾರ ಬಾಗಿಲಲ್ಲಿರುವುದಿಲ್ಲ. ಹೊಸಬರು ಮತ್ತೆ ಮೊದಲಿನಿಂದ ಊರು, ಹೆಸರು ಹೇಳಬೇಕು. ಪಾಳಿ ತಿಂಗಳಿಗೊಮ್ಮೆ ಬದಲಾಗಲಿ. ಎರಡನೇ ವಾರ ಹೆಸರು ಹಿಡಿದು ‘ಬನ್ನಿ’ ಎನ್ನುವವರು ಸಿಕ್ಕರೆ ಮೂರನೇ ವಾರವೂ ಬರುತ್ತಾರೆ. ಬದಲಾಗುವ ತಿಂಗಳಲ್ಲಿ ಹಿಂದಿನವರಲ್ಲಿ ಒಬ್ಬರು ಮುಂದುವರಿದರೆ ಇನ್ನೂ ಒಳ್ಳೆಯದು.

ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನೂ ಕಲಿಸಬೇಕು. ‘ನೀವು ಹೊಸಬರಾ?’ ಎಂದು ಶುರು ಮಾಡಬೇಡಿ. ಅವರು 20 ವರ್ಷದಿಂದ ಸಂಜೆಯ ಆರಾಧನೆಗೆ ಬರುತ್ತಿರುವ ಸದಸ್ಯರಾಗಿರಬಹುದು. ‘ನಿಮ್ಮನ್ನು ಮಾತಾಡಿಸಿದ ನೆನಪಿಲ್ಲ, ನನ್ನ ಹೆಸರು ಹೀಗೆ’ ಎಂದರೆ ಇಬ್ಬರಿಗೂ ಮುಜುಗರವಿಲ್ಲ. ‘ಯಾವ ಸಭೆಯಿಂದ ಬಂದಿರಿ?’ ಎನ್ನಬಹುದು. ‘ಯಾರ ಪೈಕಿ?’, ‘ನಿಮ್ಮ ತಂದೆಯ ಮನೆ ಹೆಸರೇನು?’, ‘ಮೊದಲು ಯಾವ ಜನ?’ ಎನ್ನುವ ಪ್ರಶ್ನೆಗಳು ಬಾಯಿಗೇ ಬರಬಾರದು. ಇವು ಜಾತಿ ತಿಳಿಯುವ ಪ್ರಶ್ನೆಗಳು ಎಂಬುದು ಕೇಳುವವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನೀರಿನಲ್ಲಿ ಮುಳುಗಿಸಿದ್ದನ್ನು ಬಾಗಿಲಲ್ಲಿ ಮತ್ತೆ ಮೇಲೆತ್ತುವ ಚಾಳಿ ನಮ್ಮ ಸಭೆಗಳಲ್ಲಿ ಇನ್ನೂ ಇದೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮದುವೆ, ಮಕ್ಕಳು, ಸಂಬಳದ ಪ್ರಶ್ನೆಗಳೂ ಮೊದಲ ದಿನ ಬೇಡ.

ಸಿಮೆಂಟು ಮೆತ್ತಿದ ಚಪ್ಪಲಿಯಲ್ಲಿ ಬಂದವರನ್ನು ಹಿಂದಿನ ಬೆಂಚಿಗೂ, ಕಾರಿನಿಂದ ಇಳಿದವರನ್ನು ಮುಂದಕ್ಕೂ ಕರೆದೊಯ್ಯುವವರು ಸಿರಿವಂತರಿಗೊಂದು ಜಾಗ, ಬಡವರಿಗೊಂದು ಜಾಗ ಎಂದು ಭೇದ ಮಾಡಬೇಡಿ ಎನ್ನುವ, ಸತ್ಯವೇದದ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದ ಮೊದಲ ಒಂಬತ್ತು ವಚನಗಳನ್ನು ಬಾಗಿಲಲ್ಲಿ ನಿಲ್ಲುವ ಮುಂಚೆ ಒಮ್ಮೆ ಓದಲಿ. ಇದಕ್ಕಿಂತ ನೇರವಾಗಿ ನಾವು ಬರೆಯಲಾರೆವು.

ಇನ್ನು ಕುಳಿತುಕೊಳ್ಳುವ ವಿಷಯ. ಎಂಟು ಅಡಿಯ ಬೆಂಚಿನಲ್ಲಿ ಐದು ಜನ ಆರಾಮವಾಗಿ ಕೂರಬಹುದು. ಆದರೆ ಹಳಬರು ಮೊದಲೇ ಬಂದು ನಡುದಾರಿಯ ಕಡೆಯ ತುದಿಯನ್ನೇ ಹಿಡಿಯುತ್ತಾರೆ. ಒಳಗೆ ಮೂರು ಜಾಗ ಖಾಲಿ ಇದ್ದರೂ ಹೊಸಬರು ಮೊಣಕಾಲು ದಾಟಿಕೊಂಡು ಹೋಗಲು ನಾಚಿ ಗೋಡೆಗೆ ಒರಗಿ ನಿಲ್ಲುತ್ತಾರೆ. ‘ಒಳಗೆ ಸರಿಯಿರಿ’ ಎಂದು ಪ್ರಕಟಣೆಯಲ್ಲಿ ಹೇಳಿದರೆ ಒಂದು ವಾರ ನಡೆಯುತ್ತದೆ, ಎರಡನೇ ವಾರ ಮತ್ತೆ ತುದಿಯೇ. ಕೊನೆಯ ಎರಡು ಬೆಂಚು ಮತ್ತು ನಡುಭಾಗದ ಒಂದು ಬೆಂಚಿನ ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ, ಹೊಸಬರಿಗೂ ಹಸುಗೂಸಿನ ತಾಯಂದಿರಿಗೂ ಬಿಟ್ಟುಕೊಡುವುದೇ ನಡೆಯುವ ಉಪಾಯ. ಪಟ್ಟಿಯನ್ನು ಎರಡನೇ ಗೀತೆಯವರೆಗೆ ಬಿಚ್ಚಬಾರದು. ಮಗು ಅತ್ತಾಗ ತಿರುಗಿ ನೋಡುವ ಅಭ್ಯಾಸವನ್ನಂತೂ ಹಿರಿಯರೇ ಮೊದಲು ಬಿಡಬೇಕು.

ಹಳ್ಳಿ ಸಭೆಗಳಲ್ಲಿ ಜಮಖಾನದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುವ ವಾಡಿಕೆ ಇದೆ. ಚಪ್ಪಲಿ ಹೊರಗೆ, ತಲೆಯ ಮೇಲೆ ಸೆರಗು. ನಗರದ ಅನೇಕ ಚರ್ಚ್‌ಗಳಲ್ಲಿ ಇದು ಯಾವುದೂ ಇಲ್ಲ. ಎರಡರಲ್ಲಿ ಯಾವುದಾದರೂ ಇರಲಿ, ಗೊತ್ತಿಲ್ಲದವರಿಗೆ ಬಾಗಿಲಲ್ಲೇ ಮೆಲ್ಲಗೆ ಹೇಳಬೇಕು. ಗಂಡ ಹೆಂಡತಿ ಒಟ್ಟಿಗೆ ಹೋಗಿ ಕುಳಿತ ಮೇಲೆ ಎಬ್ಬಿಸಿ ಬೇರೆ ಮಾಡುವುದು, ಶೂ ಹಾಕಿಕೊಂಡು ಅರ್ಧ ದಾರಿ ಬಂದವರನ್ನು ಎಲ್ಲರೆದುರು ವಾಪಸು ಕಳಿಸುವುದು, ಇಂಥವನ್ನು ಅನುಭವಿಸಿದವರು ಆ ಬಾಗಿಲಿಗೆ ಮತ್ತೆ ಬರುವುದಿಲ್ಲ.

ಗಾಲಿಕುರ್ಚಿಯವರಿಗೆ ರ್‍ಯಾಂಪ್ ಮಾಡಿಸಿದ್ದೇವೆ ಎನ್ನುವ ಸಭೆಗಳು ಅದರ ಇಳಿಜಾರನ್ನು ಒಮ್ಮೆ ಅಳೆಯಲಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ತಲಾ ಆರು ಅಂಗುಲದ ಮೂರು ಮೆಟ್ಟಿಲಿದ್ದರೆ ಒಟ್ಟು ಎತ್ತರ ಒಂದೂವರೆ ಅಡಿ, ಆದ್ದರಿಂದ ರ್‍ಯಾಂಪ್ 18 ಅಡಿ. ಜಾಗವಿಲ್ಲವೆಂದು ಐದಾರು ಅಡಿಯಲ್ಲಿ ಮುಗಿಸಿದ ಸಿಮೆಂಟಿನ ಇಳಿಜಾರು ಗಾಲಿಕುರ್ಚಿಗೆ ಜಾರುಬಂಡೆಯಾಗುತ್ತದೆ. ಜಾಗ ಸಾಲದಿದ್ದರೆ ಮಧ್ಯೆ ಸಮತಟ್ಟಾದ ಕಟ್ಟೆ ಬಿಟ್ಟು ತಿರುಗಿಸಿ ಕಟ್ಟಬೇಕು. ಒಳಗೆ ಒಂದು ಬೆಂಚಿನ ತುದಿಯನ್ನು ಮೂರು ಅಡಿ ಮೊಟಕು ಮಾಡಿಸಿದರೆ ಕುರ್ಚಿ ಕುಟುಂಬದ ಪಕ್ಕದಲ್ಲೇ ನಿಲ್ಲುತ್ತದೆ, ದಾರಿಯ ನಡುವೆ ಅಡ್ಡವಾಗುವುದಿಲ್ಲ.

ಸಿ.ಎಸ್.ಐ. (ದಕ್ಷಿಣ ಇಂಡಿಯಾ ಸಭೆ) ಕನ್ನಡ ಸಭೆಗಳಲ್ಲಿ ಹೊಸಬರನ್ನು ಕಂಗೆಡಿಸುವುದು ಪುಸ್ತಕಗಳು. ಆರಾಧನಾ ಕ್ರಮದ್ದು ಒಂದು, ಗೀತೆಗಳದ್ದು ಒಂದು, ಸತ್ಯವೇದ ಮೂರನೆಯದು. ಹಳಬರಿಗೆ ಬಾಯಿಪಾಠ, ಹೊಸಬರು ಪುಟ ಹುಡುಕುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಬೇರೆ ಚರ್ಚ್‌ನವರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. 1947ರ ಸೆಪ್ಟೆಂಬರ್ 27ರಂದು ಹಲವು ಮಿಷನ್ನುಗಳ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾಯಿತು ನಿಜ, ಆದರೆ ಸ್ವಿಟ್ಜರ್ಲೆಂಡ್ ಮೂಲದ ಬಾಸೆಲ್ ಮಿಷನ್ ಬೆಳೆಸಿದ ಮಂಗಳೂರು, ಧಾರವಾಡ, ಗದಗ–ಬೆಟಗೇರಿಯ ಕಡೆಯಿಂದ ಬಂದವರಿಗೆ ಬೆಂಗಳೂರಿನಲ್ಲಿ ಅದೇ ಗೀತೆ ಬೇರೆ ರಾಗದಲ್ಲಿ ಕೇಳಿಸಬಹುದು. ಹಾಡಲು ಬಾಯಿ ತೆರೆದು ಸುಮ್ಮನಾಗುತ್ತಾರೆ. ಗೀತೆಯ ಸಂಖ್ಯೆಯನ್ನು ಎರಡು ಸಲ ಹೇಳುವುದು, ಮೊದಲ ಚರಣದ ರಾಗವನ್ನು ಒಮ್ಮೆ ಪೂರ್ತಿ ನುಡಿಸಿ ತೋರಿಸುವುದು, ಕೈಸನ್ನೆಯ ಬದಲು ‘ಎದ್ದು ನಿಲ್ಲೋಣ’, ‘ಕುಳಿತುಕೊಳ್ಳೋಣ’ ಎಂದು ಬಾಯಿಬಿಟ್ಟು ಹೇಳುವುದು, ಇಷ್ಟಕ್ಕೆ ದುಡ್ಡೂ ಬೇಡ, ಕಮಿಟಿ ತೀರ್ಮಾನವೂ ಬೇಡ.

ಪರದೆಯ ಮೇಲೆ ತೋರಿಸುವವರು ಒಂದು ಪುಟಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಹಾಕಬಾರದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಗೀತೆಗಳು ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದ ಕೂಡಲೇ ಅರ್ಥವಿಲ್ಲದ ಗುರುತುಗಳಾಗುತ್ತವೆ. ಇದು ಗೊತ್ತಾಗುವುದು ಬಹುತೇಕ ಕ್ರಿಸ್‌ಮಸ್ ಬೆಳಿಗ್ಗೆಯೇ! ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಕನ್ನಡ ಮಾತು ಬರುತ್ತದೆ, ಓದಲು ಬಾರದು ಎನ್ನುವ ಮಕ್ಕಳು ನಗರದ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗಾಗಿ ಕನ್ನಡದ ಕೆಳಗೆ ಅದೇ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟರೆ ಕನ್ನಡಕ್ಕೆ ಅವಮಾನವೇನೂ ಆಗುವುದಿಲ್ಲ. ಅದರಿಂದಲೇ ಕನ್ನಡದಲ್ಲಿ ಹಾಡುವವರು ಹೆಚ್ಚುತ್ತಾರೆ.

ಆರಾಧನೆಯ ನಡುವೆ ಒಬ್ಬರಿಗೊಬ್ಬರು ಹೇಳುವ ಸಮಾಧಾನದ ವಂದನೆ ಕೈಯಿಂದ ಕೈಗೆ ಬರುವಾಗ ಬೆಂಚಿನ ತುದಿಯಲ್ಲಿ ಒಬ್ಬರೇ ಕುಳಿತವರು ತಪ್ಪಿಹೋಗುತ್ತಾರೆ. ಗೆಳೆಯರ ಕಡೆಗಷ್ಟೇ ತಿರುಗುವವರೂ ಇದ್ದಾರೆ. ಪಕ್ಕದ ಬೆಂಚಿನವರು ಎರಡು ಹೆಜ್ಜೆ ನಡೆದು ಬರಬೇಕು. ಕೈಕುಲುಕಲು ಹಿಂಜರಿಯುವವರಿಗೆ ಕೈಜೋಡಿಸಿದರೆ ಸಾಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಸಮಯ. ಯಾರು ಸ್ವೀಕರಿಸಬಹುದು ಎಂಬ ನಿಯಮ ಚರ್ಚ್‌ನಿಂದ ಚರ್ಚ್‌ಗೆ ಬೇರೆ. ಕಥೋಲಿಕರಲ್ಲಿ ಇದಕ್ಕೆ ಪರಮಪ್ರಸಾದ ಎನ್ನುತ್ತಾರೆ, ಅದು ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ. ಆರ್ಥೊಡಾಕ್ಸ್ ಚರ್ಚ್‌ಗಳಲ್ಲೂ ತಮ್ಮ ಸಭೆಯವರಿಗೆ ಮಾತ್ರ. ಸಿ.ಎಸ್.ಐ., ಮೆಥೊಡಿಸ್ಟ್ ಸಭೆಗಳು ಬೇರೆ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಸೇರುವವರನ್ನು ಸಾಮಾನ್ಯವಾಗಿ ಕರೆಯುತ್ತವೆ. ಪೆಂಟೆಕೋಸ್ಟಲ್ ಸಭೆಗಳಲ್ಲಿ ನೀರಿನ ದೀಕ್ಷಾಸ್ನಾನ ಪಡೆದಿರಬೇಕು ಎನ್ನುತ್ತಾರೆ. ಹೊಸಬರಿಗೆ ಇದು ಹೇಗೆ ತಿಳಿಯಬೇಕು? ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾ, ವಿವೇಕನಗರದ ಬಾಲಯೇಸು ದೇವಾಲಯದಂಥ ಕಡೆ ಬೇರೆ ಧರ್ಮದ ಭಕ್ತರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಇಂಥ ಜಾಗಗಳಲ್ಲಿ ಸಾಲಿನಲ್ಲಿ ಬಂದು ಕೈಯಲ್ಲಿ ತೆಗೆದುಕೊಂಡು, ಮನೆಯವರಿಗೆ ಕೊಡೋಣವೆಂದು ಕರ್ಚೀಫಿನಲ್ಲಿ ಕಟ್ಟಿಕೊಳ್ಳುವವರು ಯಾರನ್ನೂ ನೋಯಿಸಲು ಹಾಗೆ ಮಾಡುವುದಿಲ್ಲ, ದೇವಸ್ಥಾನದಲ್ಲಿ ಮಾಡುವುದನ್ನೇ ಭಕ್ತಿಯಿಂದ ಮಾಡಿರುತ್ತಾರೆ. ಅವರ ಕೈಯಿಂದ ಕಿತ್ತುಕೊಂಡು ಗದರಿಸುವ ಸ್ವಯಂಸೇವಕರು ಇಡೀ ಚರ್ಚ್‌ಗೆ ಕೆಟ್ಟ ಹೆಸರು ತರುತ್ತಾರೆ.

ಪರಿಹಾರ ಸುಲಭ. ಸಾಲು ಹೊರಡುವ ಮುಂಚೆ, ಆ ದಿನ ಸೇರಿರುವವರ ಭಾಷೆಗಳಲ್ಲಿ ಎರಡು ವಾಕ್ಯ: ಯಾರು ಸ್ವೀಕರಿಸುತ್ತಾರೆ, ಉಳಿದವರು ಏನು ಮಾಡಬಹುದು. ಕುಳಿತೇ ಇರಬಹುದು, ಅಥವಾ ಆ ಚರ್ಚ್‌ನಲ್ಲಿ ರೂಢಿಯಿದ್ದರೆ ಎದೆಯ ಮೇಲೆ ಕೈ ಅಡ್ಡ ಕಟ್ಟಿ ಬಂದು ಆಶೀರ್ವಾದ ಪಡೆಯಬಹುದು. ಕುಳಿತವರನ್ನು ಎಬ್ಬಿಸಿ ಸಾಲಿಗೆ ಸೇರಿಸುವುದನ್ನು ನಿಲ್ಲಿಸಬೇಕು. ಬೆಂಚಿನ ಮೇಲೆ ಬೆಂಚು ಖಾಲಿಯಾಗುವಾಗ ಒಬ್ಬರೇ ಉಳಿದವರತ್ತ ಕಣ್ಣರಳಿಸಿ ನೋಡುವುದನ್ನೂ. ವೇದಿಯ ಕಟಕಟೆಯ ಮುಂದೆ ಮೊಣಕಾಲೂರಿ ಸ್ವೀಕರಿಸುವ ಸಭೆಗಳಲ್ಲಿ ಯಾವಾಗ ಏಳಬೇಕೆಂದು ತಿಳಿಯದೆ ಹೊಸಬರು ಅತ್ತಿತ್ತ ನೋಡುತ್ತಾರೆ. ಅವರ ಎಡಬಲದಲ್ಲಿ ಒಬ್ಬ ಹಳಬರು ಇರುವಂತೆ ಕಳಿಸಿದರೆ ಆಯಿತು.

ಕಾಣಿಕೆ ಚೀಲ ಬರುವ ಮೊದಲು ‘ಅತಿಥಿಗಳು ಕೊಡಲೇಬೇಕೆಂದಿಲ್ಲ’ ಎಂದು ಹೇಳಿ. ಯುಪಿಐ ಕ್ಯೂಆರ್ ಚಿತ್ರವನ್ನು ಕಾಣಿಕೆ ಗೀತೆಯುದ್ದಕ್ಕೂ ಪರದೆ ತುಂಬಾ ನಿಲ್ಲಿಸುವುದು ನೋಡಲು ವಸೂಲಿಯ ಹಾಗಿರುತ್ತದೆ. ಅದು ಬಾಗಿಲ ಪಕ್ಕದ ಗೋಡೆಯ ಮೇಲಿರಲಿ. ನೇರ ಪ್ರಸಾರದ ಕ್ಯಾಮೆರಾ ಪೀಠದ ಕಡೆಗಷ್ಟೇ ತಿರುಗಿರಲಿ. ಜನರನ್ನು ತೋರಿಸಲೇಬೇಕಾದರೆ ಕ್ಯಾಮೆರಾ ಹೋಗದ ಒಂದು ಭಾಗ ಗೊತ್ತುಮಾಡಿ, ಅದನ್ನು ಫಲಕದಲ್ಲಿ ಬರೆಯಿರಿ.

ಆರಾಧನೆ ಮುಗಿದ ಮೇಲಿನ ಹೊತ್ತಿನ ಬಗ್ಗೆ ನಮ್ಮ ಒಂದೇ ಬೇಡಿಕೆ: ಮೊದಲ ಮೂರು ನಿಮಿಷ ಪ್ರತಿಯೊಬ್ಬ ಸದಸ್ಯರೂ ತಮಗೆ ಪರಿಚಯವಿಲ್ಲದವರ ಜೊತೆ ಮಾತಾಡಬೇಕು. ಚಂದಾ ಲೆಕ್ಕ, ಕಮಿಟಿ ಚುನಾವಣೆ, ಯುವಜನ ಕೂಟದ ಟೂರು ಆಮೇಲೆ. ಹೊಸಬರು ಮೂರು ನಿಮಿಷಕ್ಕಿಂತ ಹೆಚ್ಚು ಒಂಟಿಯಾಗಿ ನಿಲ್ಲುವುದಿಲ್ಲ, ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತಾರೆ. ಸಭಾಪಾಲಕರ ಕೈಕುಲುಕಲು ಮುಂಬಾಗಿಲಲ್ಲಿ ಸಾಲು ಬೆಳೆದಾಗ ಅವರು ಜಾರಿಕೊಳ್ಳುವುದು ಪಕ್ಕದ ಬಾಗಿಲಿನಿಂದ. ನಾಲ್ಕನೆಯವರನ್ನು ಅಲ್ಲಿ ನಿಲ್ಲಿಸಿ ಎಂದದ್ದು ಇದಕ್ಕೇ.

ಚಹಾದ ಮೇಜು ಗೇಟಿಗೆ ಹೋಗುವ ದಾರಿಯಲ್ಲೇ ಇರಬೇಕು. ಹಿಂದಿನ ಹಾಲ್‌ನಲ್ಲಿ ಇಟ್ಟರೆ ಹಳಬರಷ್ಟೇ ಕುಡಿಯುತ್ತಾರೆ. 100 ಜನಕ್ಕೆ ಸಣ್ಣ ಲೋಟದ ಲೆಕ್ಕದಲ್ಲಿ 10 ಲೀಟರ್ ಚಹಾ ಬೇಕು: ಐದು ಲೀಟರ್ ಹಾಲು, ಕುದಿಯುವಾಗ ಇಂಗುವುದನ್ನು ಸೇರಿಸಿ ಐದೂವರೆ ಲೀಟರ್ ನೀರು, ಸುಮಾರು 250 ಗ್ರಾಂ ಪುಡಿ, ಒಂದು ಕಿಲೋ ಸಕ್ಕರೆ. ಸಕ್ಕರೆ ಹಾಕದ್ದು ಒಂದು ಫ್ಲಾಸ್ಕ್ ಬೇರೆ ಇರಲಿ. ಬೋಧಕರ ಪ್ರಸಂಗ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ನಂಬುವಂತಿಲ್ಲವಾದ್ದರಿಂದ, ಕೊನೆಯ ಗೀತೆ ಶುರುವಾದಾಗ ಹಾಲು ಸೇರಿಸಿ ಒಂದು ಕುದಿ ಬರಿಸುವುದು ಅಡುಗೆಯವರಿಗೆ ಗೊತ್ತಿರುವ ಯುಕ್ತಿ. ಬಿಸ್ಕತ್ತು ಸಾಕು. ಊಟ ಹಾಕುವ ಉತ್ಸಾಹದಲ್ಲಿ ಶುರು ಮಾಡಿದ ಸಭೆಗಳು ಕೆಲವೇ ತಿಂಗಳಲ್ಲಿ ಖರ್ಚಿಗೂ ಆಳಿಗೂ ಸೋತು ಚಹಾವನ್ನೂ ನಿಲ್ಲಿಸಿಬಿಡುತ್ತವೆ.

ಫೋನ್ ನಂಬರು ಕೇಳುವುದಾದರೆ ಸಣ್ಣ ಚೀಟಿಯಲ್ಲಿ ಕೇಳಿ. ಹೆಸರು, ಬೇಕಿದ್ದರೆ ನಂಬರು, ‘ನನಗೆ ಫೋನ್ ಮಾಡಬಹುದು’ ಎಂಬ ಸಾಲಿನ ಮುಂದೆ ಗುರುತು ಹಾಕಲು ಒಂದು ಚೌಕ. ವಿಳಾಸ, ಜನ್ಮದಿನ, ಮದುವೆಯ ದಿನ ಮೊದಲ ದಿನವೇ ಏಕೆ? ಅದೇ ಮಧ್ಯಾಹ್ನ ನಂಬರನ್ನು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವುದು ಈಗಿನ ದೊಡ್ಡ ಪಿಡುಗು. 200 ಜನ ಅಪರಿಚಿತರ ಕೈಗೆ ಒಬ್ಬ ಹೆಣ್ಣುಮಗಳ ನಂಬರು ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಾದರೂ ಕೇಳದೆ ಸೇರಿಸುವುದು ನಿಲ್ಲಬೇಕು. ಮೂರು ತಿಂಗಳಾದರೂ ಮತ್ತೆ ಬರದವರ ಚೀಟಿಯನ್ನು ಹರಿದುಹಾಕಿ.

ಎರಡು ದಿನದೊಳಗೆ ಒಂದು ಸಂದೇಶ ಹೋಗಲಿ, ಅದೂ ಬಾಗಿಲಲ್ಲಿ ಮಾತಾಡಿಸಿದವರಿಂದಲೇ. ಸಭಾಪಾಲಕರ ಫೋನ್ ಬಂದರೆ ಹೊಸಬರು ಏನೋ ಒಪ್ಪಿಕೊಂಡುಬಿಟ್ಟೆವು ಎಂದು ಹೆದರುತ್ತಾರೆ. ಹೇಳದೆ ಮನೆಗೆ ಹೋಗಬೇಡಿ. ಪೀಜಿಯಲ್ಲಿರುವ ಹುಡುಗನನ್ನು ನೋಡಲು ಸಭಾಪಾಲಕರೂ ನಾಲ್ವರು ಹಿರಿಯರೂ ಸತ್ಯವೇದ ಹಿಡಿದು ಸಂಜೆ ಏಳಕ್ಕೆ ಹೋದರೆ, ಮರುದಿನ ಪೀಜಿಯ ಮಾಲೀಕರಿಗೆ ಉತ್ತರ ಕೊಡಬೇಕಾದವನು ಆ ಹುಡುಗ. ಬೇರೆ ಧರ್ಮದವರು ಬಂದು ಹೋದರೆ ಅವರಾಗಿ ಕೇಳದೆ ಹಿಂದೆ ಬೀಳಲೇಬಾರದು. ಗೋದಲಿ ನೋಡಲು ಬಂದವರು ಗೋದಲಿ ನೋಡಿ, ಕೇಕ್ ತಿಂದು, ಸಂತೋಷವಾಗಿ ಮನೆಗೆ ಹೋಗಲಿ.

ಅನುಮಾನದ ಮಾತನ್ನೂ ಆಡಬೇಕು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದ ಮೇಲೆ ಸಣ್ಣ ಸಭೆಗಳು ಹೊಸ ಮುಖ ಕಂಡರೆ ಹೆದರುವುದು ಸಹಜ. ಆದರೆ ದೂರ ನಿಂತು ದುರುಗುಟ್ಟಿ ನೋಡುವುದರಿಂದ ರಕ್ಷಣೆ ಸಿಗುವುದಿಲ್ಲ. ಗೇಟಿನಲ್ಲೇ ಒಬ್ಬರು ಹೆಸರು ಹೇಳಿ, ಹೆಸರು ಕೇಳಿ, ಒಳಗೆ ಕರೆದೊಯ್ದು ಕೂರಿಸಿದರೆ ಆದರವೂ ಆಯಿತು, ಬಂದವರು ಯಾರು ಎಂಬುದು ತಿಳಿದದ್ದೂ ಆಯಿತು.

ಇನ್ನೊಂದು ಅನುಮಾನ ಶಾಲಾ ಪ್ರವೇಶದ ಕಾಲದ್ದು. ಡಿಸೆಂಬರ್‌ನಿಂದ ಮೇವರೆಗೆ ಬರುವ ಎಲ್ಲ ದಂಪತಿಗಳನ್ನೂ ‘ಚರ್ಚ್ ಶಾಲೆಯ ಸೀಟಿಗಾಗಿ ಸಭಾಪಾಲಕರ ಪತ್ರ ಕೇಳಲು ಬಂದವರು’ ಎಂದೇ ನೋಡುತ್ತಾರೆ. ಕೆಲವರು ಅದಕ್ಕೇ ಬರುತ್ತಾರೆ, ನಿಜ. ಎಷ್ಟು ತಿಂಗಳ ಸದಸ್ಯತ್ವವಿದ್ದರೆ ಪತ್ರ, ಏನೇನು ದಾಖಲೆ ಬೇಕು ಎಂದು ಕಚೇರಿಯ ಫಲಕದಲ್ಲಿ ಬರೆದು ಹಾಕಿಬಿಡಿ. ಪತ್ರಕ್ಕಾಗಿ ಬಂದವರು ನಿಯಮ ಓದಿಕೊಳ್ಳುತ್ತಾರೆ, ಆರಾಧನೆಗೆ ಬಂದವರು ಅನುಮಾನದಿಂದ ಪಾರಾಗುತ್ತಾರೆ.

ಆರೇಳು ವಾರ ತಪ್ಪದೆ ಬಂದವರಿಗೆ ಸಣ್ಣ ಕೆಲಸ ಒಪ್ಪಿಸಿ. ಪುಸ್ತಕ ಹಂಚುವುದು, ಚಹಾ ಕೊಡುವುದು, ಹಳಬರೊಬ್ಬರ ಜೊತೆಯಲ್ಲಿ. ಒಂಟಿಯಾಗಿ ಒಪ್ಪಿಸಿದರೆ ಅದು ಆಳಿನ ಕೆಲಸವಾಗುತ್ತದೆ. ಮಕ್ಕಳ ಭಾನುವಾರ ಶಾಲೆಯ ಹೊಣೆಯನ್ನು ಮಾತ್ರ ಪರಿಚಯ ಗಟ್ಟಿಯಾಗುವವರೆಗೆ ಯಾರಿಗೂ ಕೊಡಬಾರದು, ಕೊಟ್ಟರೂ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಮಂಗಳೂರು ಕಡೆಯ ಕಥೋಲಿಕರಲ್ಲಿ ವಾಡೊಗೊಬ್ಬ (ಹತ್ತಿರದ ಮನೆಗಳ ಗುಂಪಿಗೊಬ್ಬ) ಗುರ್ಕಾರ್ ಎಂಬ ಮುಖಂಡ ಇರುವುದರಿಂದ ಬಾಡಿಗೆಗೆ ಬಂದ ಹೊಸ ಕುಟುಂಬ ಬೇಗ ಕಣ್ಣಿಗೆ ಬೀಳುತ್ತದೆ. ನಗರದ ಸಿ.ಎಸ್.ಐ. ಸಭೆಗಳೂ ಬಡಾವಣೆಗೊಬ್ಬರನ್ನು ಹೀಗೆ ಗೊತ್ತುಮಾಡಿಕೊಳ್ಳಬಹುದು.

ಸದಸ್ಯತ್ವದ ವಿಷಯವನ್ನು ಮೂರು ತಿಂಗಳೊಳಗೆ ಬಿಡಿಸಿ ಹೇಳಲೇಬೇಕು. ಹಿಂದಿನ ಸಭೆಯ ವರ್ಗಾವಣೆ ಪತ್ರ, ದೀಕ್ಷಾಸ್ನಾನ ಮತ್ತು ದೃಢೀಕರಣದ (ಕನ್ಫರ್ಮೇಶನ್) ದಾಖಲೆ, ತಿಂಗಳ ಚಂದಾ ಎಷ್ಟು, ಕೊಡಲಾಗದವರು ಯಾರನ್ನು ಕಾಣಬೇಕು ಇತ್ಯಾದಿ. ಇದನ್ನು ಹೇಳಲು ಸಂಕೋಚಪಟ್ಟುಕೊಂಡು ವರ್ಷಗಟ್ಟಲೆ ‘ನೀವು ನಮ್ಮವರೇ’ ಎನ್ನುತ್ತಾ ಇರುತ್ತೇವೆ. ಮನೆಯಲ್ಲಿ ಸಾವಾದ ರಾತ್ರಿ ಸಮಾಧಿ ಜಾಗಕ್ಕಾಗಿ ಫೋನ್ ಮಾಡಿದಾಗ ‘ರಿಜಿಸ್ಟರಿನಲ್ಲಿ ಹೆಸರಿಲ್ಲ’ ಎನ್ನುವ ಉತ್ತರ ಬರುತ್ತದೆ. ಬೆಂಗಳೂರಿನ ಸ್ಮಶಾನಗಳಲ್ಲಿ ಜಾಗದ ಅಭಾವ ಎಲ್ಲರಿಗೂ ಗೊತ್ತಿದ್ದದ್ದೇ. ಊರಿಗೆ ಶವ ಸಾಗಿಸಲು ಆ್ಯಂಬುಲೆನ್ಸ್‌ಗೆ ಸಾಲ ಮಾಡುವ ಕುಟುಂಬಗಳಿವೆ. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದಬೇಕು ಎಂಬ ನಿಯಮವೂ ಛತ್ರ ಗೊತ್ತಾಗಿ ಕಾರ್ಡು ಅಚ್ಚಾದ ಮೇಲೆ ತಿಳಿಯಬಾರದು. ಒಂದು ಪುಟದಲ್ಲಿ ಇವನ್ನೆಲ್ಲ ಅಚ್ಚು ಹಾಕಿಸಿ ಕೈಗೆ ಕೊಡಿ.

ಬರುತ್ತಿದ್ದವರು ನಿಂತುಹೋದರೆ ಒಂದು ಸಲ ವಿಚಾರಿಸಿ: ಕಾಯಿಲೆಯೇ, ಊರಿಗೆ ಹೋದರೇ, ಕೆಲಸದ ಪಾಳಿ ಬದಲಾಯಿತೇ. ಭಾನುವಾರ ರಜೆ ಸಿಗದ ನರ್ಸುಗಳಿಗೂ ಮನೆಗೆಲಸದವರಿಗೂ ಸಂಜೆಯ ಆರಾಧನೆಯ ಸಮಯ ತಿಳಿಸಿ. ಬೇರೆ ಸಭೆಗೆ ಹೋಗುತ್ತಿದ್ದೇವೆ ಎಂದರೆ ಕಾರಣ ಕೇಳಿ ಬರೆದಿಟ್ಟುಕೊಳ್ಳಿ, ವಾದ ಮಾಡಬೇಡಿ. ಅವರ ವರ್ಗಾವಣೆ ಪತ್ರವನ್ನು ಬಾಕಿ ಚಂದಾದ ನೆಪ ಹೇಳಿ ತಡೆಹಿಡಿಯದೆ ಅದೇ ವಾರ ಕೊಟ್ಟುಬಿಡಿ.

– ಸಭೆಗಳ ಸ್ವಾಗತ ಸೇವೆಯಲ್ಲಿರುವ ಕೆಲವು ಹಿರಿಯರು, ಬೆಂಗಳೂರು